ಭಾವನ ಹೋಟೆಲಿನಲ್ಲಿ ಹರಿದ ಅರ್ಜಿ

ನಮ್ಮ ಬಂಧುಗಳಲ್ಲಿ ಯಾರು ಯಾವ ಅರ್ಜಿ ತುಂಬಿಸಬೇಕಾದರೂ ಅದು ನನ್ನ ಬಳಿಗೇ ಬರುತ್ತದೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನ ಬರಹದಲ್ಲಿ ಚಿತ್ತು ಇರುವುದಿಲ್ಲವೆಂಬ ನಂಬಿಕೆ; ಆ ನಂಬಿಕೆ ಸರಿಯಾದುದೇ.

ತಂಗಿಯ ಗಂಡ, ಅಂದರೆ ಭಾವ, ಮಗಳ ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುದಿನವೇ ನನ್ನನ್ನು ಬೆಳ್ತಂಗಡಿಯ ತಮ್ಮ ಹೋಟೆಲಿಗೆ ಕರೆಸಿಕೊಂಡರು. ವರ್ಷವಿಡೀ ನನ್ನನ್ನು ಕೆಲಸವಿಲ್ಲದವನೆಂದು ಹಂಗಿಸುವ ಅವರಿಗೆ ಸೋದರಮಾವನ ಮಾತಿಗಿರುವ ತೂಕ ಅಂದು ನೆನಪಾಗಿತ್ತು. ಮಗಳು ಮೂಡುಬಿದಿರೆಯಲ್ಲಿ ಹಾಸ್ಟೆಲ್ ಸೇರಿ ವಿಜ್ಞಾನ ಓದಬೇಕೆಂಬುದು ಅವರ ಹಠ. ಅವಳಿಗೋ ಊರಿನಲ್ಲೇ ಕಾಮರ್ಸ್ ಓದುತ್ತ ಹೋಟೆಲನ್ನು ನಡೆಸುವ ಆಸೆ.

ಅವಳನ್ನು ಒಂದು ಮಾತೂ ಕೇಳದೆ ನಾನು ಮೂಡುಬಿದಿರೆಯ ಅರ್ಜಿಯನ್ನು ಕ್ರಮವಾಗಿ ತುಂಬಿಸಿದೆ. ಸಹಿಗಳಷ್ಟೇ ಉಳಿದಿದ್ದವು.

"ಇಷ್ಟು ಮಾರ್ಕ್ ಇಟ್ಟುಕೊಂಡು ಗೋಳಿಬಜೆ ಕಾಯಿಸ್ತಾಳಂತೆ! ಹತ್ತು ವರ್ಷ ಕಳೆದ ಮೇಲೆ ಕೂತು ಅಳ್ತಾಳೆ, ನೋಡಿ" ಎಂದು ಭಾವ ನನಗೆ ಹೇಳಿದರು.

ಗಲ್ಲಾದಲ್ಲಿ ಕುಳಿತಿದ್ದ ಹುಡುಗಿ ತಲೆಯೆತ್ತಲಿಲ್ಲ. "ಅಳುವಾಗ ಅಳ್ತೇನೆ ಅಪ್ಪ. ಅದಕ್ಕೆ ಈಗಲೇ ಯಾಕೆ ಹೊರಡುವುದು?" ಬಳಿಕ ನನ್ನತ್ತ ತಿರುಗಿದಳು. "ಮಾವ, ನೀವು ಶಾಲೆ ಬಿಡುವಾಗಲೂ ಅಪ್ಪ ಹೀಗೇ ಹೇಳಿದ್ದಲ್ಲವಾ? ಆಮೇಲೆ ಬೇಸರ ಆಯಿತಾ?"

"ಇಲ್ಲ" ಎಂದೆ. ವರ್ಷಗಳಿಂದ ಸಿದ್ಧವಿದ್ದ ಉತ್ತರ ಅದು. ಆಡಳಿತದವರೊಡನೆ ಜಗಳವಾಡಿ ರಾಜೀನಾಮೆ ಬರೆದ ದಿನ, ಇದೇ ಮೇಜಿನಲ್ಲಿ ಭಾವ, "ಪಶ್ಚಾತ್ತಾಪ ಪಡ್ತೀರಿ, ಬರೆದಿಟ್ಟುಕೊಳ್ಳಿ" ಎಂದಿದ್ದರು. ಅಂದಿನಿಂದ ಅವರ ಎದುರಿಗೆ ಬಾಡಿದ ಮುಖ ತೋರಿಸದಂತೆ ಎಚ್ಚರ ವಹಿಸಿದ್ದೆ. ಆ ಎಚ್ಚರದಲ್ಲಿ, ನನಗೆ ನಿಜವಾಗಿ ಏನನ್ನಿಸಿತ್ತು ಎಂಬುದನ್ನು ನಾನೇ ವಿಚಾರಿಸಿಕೊಂಡಿರಲಿಲ್ಲ.

ಭಾವ ಗಹಗಹಿಸಿದರು. "ಇಲ್ಲವಂತೆ! ಬಂಟ್ವಾಳದಲ್ಲಿ ಬಸ್ಸು ಆ ಶಾಲೆಯ ಎದುರು ಬರುವಾಗ ನಿನ್ನ ಮಾವ ಆಚೆ ಮುಖ ಮಾಡ್ತಾರೆ ಮಾರಾಯ್ತಿ. ಕಂಡಕ್ಟರನಿಗೂ ಗೊತ್ತುಂಟು."

ಚಹಾ ಕುಡಿಯುತ್ತಿದ್ದ ಇಬ್ಬರು ಗಿರಾಕಿಗಳು ನಕ್ಕರು. ಆ ಕ್ಷಣದಲ್ಲಿ ಭಾವನ ಬಗ್ಗೆ ನನಗೆ ಹುಟ್ಟಿದ ದ್ವೇಷವನ್ನು ಇಂದಿಗೂ ತಿದ್ದಿಕೊಂಡಿಲ್ಲ.

"ಸರಿ. ಬೇಸರ ಆಯಿತು" ಎಂದೆ, ಅವಳನ್ನೇ ನೋಡುತ್ತ. "ಮಕ್ಕಳ ಗಲಾಟೆ ಕೇಳಿದರೆ ಈಗಲೂ ಆಗ್ತದೆ. ಆದರೆ ಆ ಶಾಲೆಯಲ್ಲಿ ಇನ್ನೊಂದು ದಿನ ಇರಲಿಕ್ಕೆ ನನ್ನಿಂದ ಆಗುತ್ತಿರಲಿಲ್ಲ. ಎರಡೂ ನಿಜ."

ಚಿತ್ತಿಲ್ಲದ ಆ ಅರ್ಜಿಯನ್ನು ಎರಡಾಗಿ ಹರಿದೆ. ಅವಳು ಗಲ್ಲಾದ ಅಡಿಯಿಂದ ಮಡಚಿಟ್ಟ ಇನ್ನೊಂದು ಅರ್ಜಿಯನ್ನು ತೆಗೆದಳು. ಊರಿನ ಕಾಲೇಜಿನದು, ಅವಳೇ ತುಂಬಿಸಿದ್ದಳು. ಎರಡು ಕಡೆ ಚಿತ್ತಿತ್ತು. ನಾನು ಅವನ್ನು ತಿದ್ದಲಿಲ್ಲ.

"ನಾನು ಸಹಿ ಹಾಕುವುದಿಲ್ಲ" ಎಂದರು ಭಾವ.

ಅಡುಗೆಕೋಣೆಯಿಂದ ತಂಗಿಯ ಧ್ವನಿ ಬಂತು: "ಅಣ್ಣ, ನೀವೇ ಹಾಕಿ."

ಪೋಷಕರ ಜಾಗದಲ್ಲಿ ಹಾಕಿದೆ.

"ನಾಳೆ ಇವಳು ಅತ್ತರೆ ಸೀದಾ ಪಾಣೆಮಂಗಳೂರಿಗೆ, ನಿಮ್ಮ ಮನೆಗೆ ಕಳಿಸ್ತೇನೆ."

"ಕಳಿಸಿ. ಅಳಲಿಕ್ಕೆ ಅಲ್ಲಿ ಜಾಗ ಉಂಟು."

ಭಾವ ಒದ್ದೆ ಬಟ್ಟೆ ತಂದು, ನನ್ನ ಮೊಣಕೈ ಇನ್ನೂ ಮೇಜಿನ ಮೇಲಿರುವಾಗಲೇ ಒರೆಸತೊಡಗಿದರು. ಎದ್ದುಬಂದೆ. ಹಿಂದಿರುಗುವ ಬಸ್ಸಿನಲ್ಲಿ ಶಾಲೆಯ ಕಡೆಯ ಕಿಟಕಿಯ ಬಳಿ ಕುಳಿತೆ. ಕಂಡಕ್ಟರ್ ನನ್ನನ್ನು ನೋಡಿದ. ನಾನೂ ಅವನನ್ನು ದುರುಗುಟ್ಟಿ ನೋಡಿದೆ.