ಕರಡಿಗೆ ಕಂಡರೆ ಕೂಗುವ ಕೋಲು

ಕಳಸಾಪುರದ ಚನ್ನಬಸವಣ್ಣ ವಿಮಾನದ ನೌಕರಿಗೆ ಸೇರಿದ್ದಕ್ಕೆ ನಾನೇ ಕಾರಣನೆಂದು ಅವನ ಊರಿನವರು ಇಂದಿಗೂ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಗದಗಿನ ಹೈಸ್ಕೂಲಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿದೆ. ಅಷ್ಟೂ ವರ್ಷಗಳಲ್ಲಿ ನನ್ನ ಬೆತ್ತಕ್ಕೆ ಹೆದರದೆ ಎದ್ದುನಿಂತು ಇಂಗ್ಲಿಷ್ ಮಾತನಾಡಿದ ಹುಡುಗ ಅವನೊಬ್ಬ. ತಪ್ಪುತಪ್ಪಾಗಿಯೇ ಮಾತನಾಡುತ್ತಿದ್ದ, ಆದರೆ ನಿಲ್ಲಿಸುತ್ತಿರಲಿಲ್ಲ. ಉಳಿದವರು ವ್ಯಾಕರಣ ಬಾಯಿಪಾಠ ಮಾಡಿ, ಬಾಯಿಗೆ ಬೀಗ ಹಾಕಿಕೊಂಡು ಪಾಸಾದರು.

೧೯೭೬ರಲ್ಲಿ ಅವನು ಬಿ.ಎ. ಮುಗಿಸಿ ಅಣ್ಣನ ಜೊತೆ ಹೊಲ ನೋಡಿಕೊಂಡಿದ್ದ. ವಿಮಾನದಲ್ಲಿ ಪ್ರಯಾಣಿಕರ ಊಟ ಉಪಚಾರ ನೋಡಿಕೊಳ್ಳುವವರು ಬೇಕಾಗಿದ್ದಾರೆಂದು ಪೇಪರಿನಲ್ಲಿ ಜಾಹೀರಾತು ಬಂತು. ಅರ್ಜಿ ತುಂಬಿದವನು ನಾನು. ಫೋಟೋ ತೆಗೆಸಿಕೊಳ್ಳಲು ನನ್ನ ಮದುವೆಯ ಟೈ ಕೊಟ್ಟವನೂ ನಾನೇ. ನೌಕರಿ ಬಂತು, ಟೈ ಮಾತ್ರ ಮರಳಿ ಬರಲಿಲ್ಲ.

ಅವನ ತಾಯಿ ಗದಿಗೆವ್ವನಿಗೆ ಈ ನೌಕರಿ ಸೇರಲಿಲ್ಲ. ಗಂಡ ಮುದಕಪ್ಪ ತೀರಿಕೊಂಡ ಮೇಲೆ ಹೊಲ, ಮನೆ, ಇಬ್ಬರು ಗಂಡುಮಕ್ಕಳನ್ನು ಒಬ್ಬಳೇ ದಾರಿಗೆ ಹಚ್ಚಿದ ಹೆಂಗಸು ಆಕೆ. ಮುಗಿಲಿನಲ್ಲಿ ಅನ್ನ ಬಡಿಸುವುದು ಎಂಥ ನೌಕರಿ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. ಗದಗಿನ ಸ್ಟೇಷನ್ನಿನಲ್ಲಿ ಮುಂಬಯಿಗೆ ಹೊರಟ ಮಗನ ಎದೆಯ ಮೇಲೆ ಕೈಯಿಟ್ಟು, ನನ್ನೆದುರಿಗೇ ಆಣೆ ಮಾಡಿಸಿದಳು.

"ಇದು ನಿಮ್ಮ ಮುತ್ಯಾ ಕೊಟ್ಟ ಕರಡಗಿ, ನೆಪ್ಪಿರಲಿ. ಎದಿ ಬಿಟ್ಟು ಕೆಳಗ ಇಳಿಸಬ್ಯಾಡ, ಮಂದಿ ಕೈಯಾಗ ಕೊಡಬ್ಯಾಡ. ನನ್ನ ಮ್ಯಾಲೆ ಆಣಿ ಮಾಡು."

ಲಿಂಗವಂತರ ಮನೆಯಲ್ಲಿ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಕೊರಳಿಗೆ ಲಿಂಗ ಕಟ್ಟುತ್ತಾರೆ. ಅದು ಸಾಯುವತನಕ ಮೈ ಬಿಟ್ಟು ಅಗಲುವಂತಿಲ್ಲ, ಪರರು ಮುಟ್ಟುವಂತಿಲ್ಲ. ಆ ಲಿಂಗ ಇಟ್ಟುಕೊಳ್ಳುವ ಡಬ್ಬಿಯೇ ಕರಡಿಗೆ. ಚನ್ನಬಸವಣ್ಣನದು ಗಟ್ಟಿ ಬೆಳ್ಳಿಯದು, ಮುಚ್ಚಳದ ಮೇಲೆ ಸಣ್ಣ ನಂದಿ. ಅಣ್ಣನಿಗೂ ಅಂಥದೇ ಇತ್ತು. ಇಬ್ಬರು ಮೊಮ್ಮಕ್ಕಳಿಗೂ ಅಜ್ಜ ಬೆಳ್ಳಿ ಕೊಟ್ಟ ಎಂದು ಊರಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ಚನ್ನಬಸವಣ್ಣ ಅಜ್ಜನ ಮುಖ ಕಂಡವನಲ್ಲ. ಅವನ ಪಾಲಿಗೆ ಅಜ್ಜನೆಂದರೆ ಆ ಕರಡಿಗೆಯೇ.

ಮೊದಲ ಕೆಲವು ವರ್ಷ ಸುಖವಾಗಿ ಹೋದವು. ರಜೆಗೆ ಬಂದಾಗ ನಮ್ಮ ಮನೆಗೆ ಬಂದು, ನನ್ನ ಹೆಂಡತಿ ತಾರಾಬಾಯಿ ಮಾಡಿದ ಅವಲಕ್ಕಿ ತಿನ್ನುತ್ತ, ಮೋಡದ ಮೇಲಿನ ಸುದ್ದಿ ಹೇಳುತ್ತಿದ್ದ. ಆಮೇಲೆ ಅಲ್ಲೊಂದು ಇಲ್ಲೊಂದು ವಿಮಾನ ಅಪಹರಣವಾಗತೊಡಗಿತು. ತಪಾಸಣೆ ಬಿಗಿಯಾಯಿತು. ಲೋಹ ಕಂಡರೆ ಕುಂಯ್ ಎಂದು ಕೂಗುವ ಮೊಳದುದ್ದದ ಕೋಲು ಬಂತು. ಅವನ ಮಾತಿನಲ್ಲಿ ಮೋಡ ಹೋಗಿ ಬರೀ ಕೋಲೇ ಉಳಿಯಿತು.

ಅವನ ಸಿಟ್ಟು ಕೇಳಿದರೆ ನಮಗೂ ಸಿಟ್ಟು ಬರುತ್ತಿತ್ತು. ಪ್ರಯಾಣಿಕನಿಗೆ ಹೊರಡುವಾಗ ಒಂದೇ ತಪಾಸಣೆ. ದಿನಕ್ಕೆ ನಾಲ್ಕು ಊರು ಮುಟ್ಟುವ ಸಿಬ್ಬಂದಿಗೆ ನಾಲ್ಕು ಕಡೆಯೂ ಆಗಬೇಕು, ಒಳಗೊಮ್ಮೆ, ವಿಮಾನದ ಮೆಟ್ಟಿಲ ಬುಡದಲ್ಲಿ ಮತ್ತೊಮ್ಮೆ. ಒಂದು ದಿನ ಪೈಲಟ್ ಸಾಹೇಬನ ಉಗುರು ಕತ್ತರಿಸುವ ಚಿಮುಟ ಕಸಿದುಕೊಂಡರಂತೆ. ಅದೇ ಸಾಹೇಬ ಒಳಗೆ ಹೋಗಿ ಕೂತರೆ, ಆಪತ್ತಿಗೆ ಇರಲೆಂದು ಅವನ ಬೆನ್ನ ಹಿಂದೆ ಕಂಪನಿಯವರೇ ಒಂದು ಕೊಡಲಿ ತೂಗುಹಾಕಿರುತ್ತಾರೆ. ಇಡೀ ವಿಮಾನವೇ ಅವನ ಕೈಯಲ್ಲಿರುವಾಗ ಉಗುರಿನ ಚಿಮುಟ ಕಸಿದು ಏನು ಉಳಿಸಿದರೋ, ದೇವರೇ ಬಲ್ಲ. ಇನ್ನೊಂದು ಸಲ ಗದಿಗೆವ್ವ ಕಟ್ಟಿಕೊಟ್ಟ ಗುರೆಳ್ಳು ಚಟ್ನಿಯ ಡಬ್ಬಿ ತೆಗೆಸಿ, ಕರ್ರಗಿನ ಪುಡಿ ನೋಡಿ, ಇದು ಸಿಡಿಮದ್ದು ಎಂದು ನಾಲ್ಕು ಜನ ದೂರ ಸರಿದು ನಿಂತರಂತೆ. ಚನ್ನಬಸವಣ್ಣ ಅವರೆದುರಿಗೇ ಒಂದು ಮುಷ್ಟಿ ಮುಕ್ಕಿ ತೋರಿಸಬೇಕಾಯಿತು. ಆಮೇಲೆ ಅವರೂ ಒಂದೊಂದು ಚಿಟಿಕೆ ತಿಂದರು, ಡಬ್ಬಿ ಅರ್ಧವಾಯಿತು.

ಕರಡಿಗೆಯದು ಮಾತ್ರ ನಗುವ ಸಂಗತಿಯಾಗಿರಲಿಲ್ಲ. ಕೋಲು ಎದೆಯ ಹತ್ತಿರ ಬಂದರೆ ಸಾಕು, ಕೂಗುತ್ತಿತ್ತು. ಇವನು ಅಂಗಿಯ ಗುಂಡಿ ಬಿಚ್ಚಿ, ಕರಡಿಗೆ ತೆರೆದು, ತನ್ನ ಅಂಗೈಯಲ್ಲೇ ಲಿಂಗ ತೋರಿಸುತ್ತಿದ್ದ. ತಿಳಿದವರು ಸುಮ್ಮನೆ ಬಿಡುತ್ತಿದ್ದರು, ತಿಳಿಯದವರು ಇವನನ್ನು ಕಾಲು ತಾಸು ನಿಲ್ಲಿಸುತ್ತಿದ್ದರು. ಪಾಳಿಯಲ್ಲಿ ನಿಂತ ಪ್ರಯಾಣಿಕರು, ಇನ್ನರ್ಧ ತಾಸಿನಲ್ಲಿ ಇವನ ಕೈಯಿಂದಲೇ ಚಹಾ ಕುಡಿಯುವವರು, ಕಳ್ಳನನ್ನು ನೋಡುವಂತೆ ನೋಡುತ್ತಿದ್ದರಂತೆ. ದಿನಕ್ಕೆ ನಾಲ್ಕು ಸಲ ಹೀಗಾದರೆ ಯಾರಿಗೆ ನೌಕರಿ ಬೇಕೆನಿಸುತ್ತದೆ?

೧೯೮೪ರ ಕೊನೆಗೆ ಒಂದು ನಿಲ್ದಾಣದಲ್ಲಿ (ಊರಿನ ಹೆಸರು ಬೇಡ) ಹೊಸ ಅಧಿಕಾರಿ ಬಂದ. ಸಿಬ್ಬಂದಿಯ ಮೈಮೇಲಿನ ಲೋಹವೆಲ್ಲ ಬಿಚ್ಚಿ ತಟ್ಟೆಗೆ ಬರಬೇಕು, ಗಡಿಯಾರವಿರಲಿ ದೇವರಿರಲಿ ಎಂದ. ಮನುಷ್ಯ ಕೆಟ್ಟವನಲ್ಲ, ತನ್ನ ಬೆರಳಿನ ಉಂಗುರವನ್ನೂ ಬಿಚ್ಚಿಟ್ಟೇ ಒಳಗೆ ಹೋಗುತ್ತಿದ್ದನಂತೆ. ಚನ್ನಬಸವಣ್ಣ ಕರಡಿಗೆ ಬಿಚ್ಚಲಿಲ್ಲ. ಅವನನ್ನು ಬಿಟ್ಟು ವಿಮಾನ ಹೋಯಿತು. ಹದಿನೈದು ದಿನಕ್ಕೆ ಮತ್ತೆ ಅದೇ ಆಯಿತು. ಮೂರನೆಯ ಸಲ ಹೀಗಾದರೆ ಕೆಲಸದಿಂದ ತೆಗೆಯುತ್ತೇವೆಂದು ಕಂಪನಿಯವರು ಬರೆದು ಕೊಟ್ಟರು.

ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳಬಹುದೆಂದು ಅವನಿಗೆ ಗೊತ್ತಿರಲಿಲ್ಲವೆ ಎಂದು ಕೇಳುತ್ತೀರಿ. ಗೊತ್ತಿತ್ತು, ಎಷ್ಟೋ ಜನ ಹಾಗೆ ಕಟ್ಟಿಕೊಳ್ಳುತ್ತಾರೆ. ಆದರೆ ತಾಯಿ ಆಣೆ ಹಾಕಿಸಿದ್ದು ಕರಡಿಗೆಯ ಮೇಲೆ. ಕಾಣದ ಅಜ್ಜ ಕೊಟ್ಟ ವಸ್ತುವನ್ನು ಕೊರಳಿನಿಂದ ಇಳಿಸಿದರೆ ತಾಯಿಗೆ ಮುಖ ತೋರಿಸುವುದು ಹೇಗೆ? ಬಾಯಿಬಿಟ್ಟು ಕೇಳಿದರೆ ಆಕೆ ನೊಂದುಕೊಳ್ಳುತ್ತಾಳೆ, ಕೇಳದೆ ಇಳಿಸಿದರೆ ಆಣೆ ಮುರಿಯುತ್ತದೆ. ಹೀಗೆ ಒಳಗೊಳಗೇ ಬೇಯುತ್ತ, ಒಂಬತ್ತು ವರ್ಷದ ನೌಕರಿಯನ್ನೇ ಬಿಡುವುದೆಂದು ನಿಶ್ಚಯಿಸಿಬಿಟ್ಟ.

೧೯೮೫ರ ಫೆಬ್ರುವರಿಯ ಒಂದು ರವಿವಾರ ಮುಂಜಾನೆ ನಮ್ಮ ಮನೆಗೆ ಬಂದು ಒಂದು ಹಾಳೆ ಮುಂದಿಟ್ಟ. ರಾಜೀನಾಮೆ. ಇಂಗ್ಲಿಷ್ ಸರಿಯಾಗಿದೆಯೇ ನೋಡಿಕೊಡಿ ಎಂದ. ನನ್ನ ದುರಭ್ಯಾಸ ನೋಡಿ, ಏನು ಬರೆದಿದ್ದಾನೆಂದು ತಲೆಗೆ ಹೋಗುವ ಮೊದಲೇ ಕೆಂಪು ಶಾಯಿಯಲ್ಲಿ ಮೂರು ತಪ್ಪು ತಿದ್ದಿದ್ದೆ. ಆಮೇಲೆ ಓದಿದೆ. ಓದಿ ಮೈಯೆಲ್ಲ ಉರಿಯಿತು. ಕಾರಣ ಕೇಳಿದೆ. ಅವನು ಎಲ್ಲವನ್ನೂ ಹೇಳಿ, ಅವ್ವನಿಗೆ ಮಾತ್ರ ಹೇಳಬೇಡಿ, ನೌಕರಿ ಬೇಸರವಾಯಿತೆಂದು ಹೇಳುತ್ತೇನೆ ಎಂದ. ಈ ಮಹಾಶಯ ತಾಯಿಯನ್ನು ಕಾಪಾಡಲು ಹೊರಟಿದ್ದ! ಚಪ್ಪಲಿ ಮೆಟ್ಟು ಎಂದೆ. ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು, ಅವನನ್ನು ಮುಂದೆ ಹಾಕಿಕೊಂಡು ಕಳಸಾಪುರದ ಬಸ್ಸು ಹತ್ತಿದೆ. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಿತ್ತು. ಅರ್ಜಿ ತುಂಬಿದವನು ನಾನು.

ಪಡಸಾಲೆಯ ತುಂಬ ಮೆಣಸಿನಕಾಯಿ ಹರವಿತ್ತು. ಗದಿಗೆವ್ವ ನಡುವೆ ಕೂತು ತೊಟ್ಟು ಬಿಡಿಸುತ್ತಿದ್ದಳು. ಘಾಟಿಗೆ ನಾವಿಬ್ಬರೂ ಹೊಸ್ತಿಲಲ್ಲೇ ಸೀನತೊಡಗಿದೆವು. ಆಕೆ ಸೆರಗಿನಿಂದ ಗೋಡೆಯ ಕಡೆ ಜಾಗ ಮಾಡಿ, ಬರ್ರಿ ಮಾಸ್ತರ್ರ, ಕುಂಡ್ರಿ ಎಂದಳು. ಮಗ ತಾಯಿಯ ಎದುರಿಗೆ ಕೂತು ತಾನೂ ಒಂದು ಕಾಯಿ ಎತ್ತಿಕೊಂಡ. ಕೊನೆಗೆ ನಾನೇ ಹೇಳಿದೆ, ಕೋಲು, ತಟ್ಟೆ, ಎರಡು ಸಲ ಇವನನ್ನು ಬಿಟ್ಟುಹೋದ ವಿಮಾನ, ರಾಜೀನಾಮೆ, ಎಲ್ಲವನ್ನೂ.

ಗದಿಗೆವ್ವ ಕೈ ನಿಲ್ಲಿಸದೆ ಕೇಳಿದಳು. ಮುಗಿದ ಮೇಲೆ ಎಷ್ಟು ದಿನದಿಂದ ಹೀಗೆ ಎಂದಳು. ಎರಡು ವರ್ಷ ಎಂದ ಮಗ. ಆಗ ಆಕೆಯ ಕೈ ನಿಂತಿತು.

"ಎರಡ ವರ್ಷ ದಿನಾ ಮಂದಿ ಮುಂದ ಅಂಗಿ ಬಿಚ್ಚಿದಿ. ನನಗ ಒಂದ ಮಾತು ಹೇಳಾಕ ಆಗಲಿಲ್ಲೇನು?"

"ನೀನ ಆಣಿ ಮಾಡಿಸಿದ್ದೆಲ್ಲಬೇ. ಮುತ್ಯಾನ ಕರಡಗಿ ಅಂದಿ."

ಗದಿಗೆವ್ವ ಎದ್ದು ಹಿತ್ತಲಿಗೆ ಹೋದಳು. ಸಿಟ್ಟಾದಳೆಂದೇ ತಿಳಿದೆ. ನೀರಿನ ಸದ್ದು ಕೇಳಿಸಿತು, ಮೆಣಸಿನಕಾಯಿ ಮುಟ್ಟಿದ ಕೈಯನ್ನು ಬಹಳ ಹೊತ್ತು ತೊಳೆದಳು. ಬಂದು ಮಗನ ಹತ್ತಿರ ಕೂತು, ಕುಪ್ಪಸದೊಳಗಿನಿಂದ ಶಿವದಾರ ಹಿಡಿದು ತನ್ನ ಲಿಂಗ ಹೊರಗೆ ತೆಗೆದಳು. ಕರಡಿಗೆಯಿರಲಿಲ್ಲ. ಒಗೆದು ಒಗೆದು ಬಣ್ಣ ಹೋದ ಇಳಕಲ್ ಸೀರೆಯ ತುಂಡಿನ ಸಣ್ಣ ಗಂಟು.

"ನಿಮ್ಮ ಮುತ್ಯಾ ನಿಮ್ಮಣ್ಣಗ ಬೆಳ್ಳಿ ಕೊಟ್ಟ. ನೀ ಹುಟ್ಟೂದ್ರಾಗ ಅಂವ ಇರಲಿಲ್ಲ. ಸಣ್ಣಾಂವ ಕಡಿಮಿ ಆಗಬಾರದಂತ, ತವರುಮನಿ ಅಂತೂರಿಂದ ನಮ್ಮಪ್ಪ ಕೊಟ್ಟಿದ್ದ ನನ್ನ ಕರಡಗಿ ಪತ್ತಾರಗ ಕೊಟ್ಟು ಕರಗಿಸಿ ನಿಂದು ಮಾಡಿಸಿದ್ನಿ. ಮುತ್ಯಾ ಸಾಯೂಕಿಂತ ಮದಲ ಕೊಟ್ಟಿಟ್ಟಿದ್ದ ಅಂತ ಹೇಳಿದ್ದು ನಾನ. ಮೂವತ್ತ ವರ್ಷಾತು, ನಂದು ಅರಿವ್ಯಾಗ ಐತಿ. ಶಿವ ಏನು ಮುನಿಸಿಕೊಂಡು ಹೋಗ್ಯಾನೇನು?"

ಚನ್ನಬಸವಣ್ಣ ಆ ಗಂಟನ್ನೇ ನೋಡುತ್ತ ಕೂತ. ಮೂವತ್ತು ವರ್ಷ ತಾಯಿಯ ಕೊರಳಿನಲ್ಲಿದ್ದದ್ದನ್ನು ಅವನು ಒಮ್ಮೆಯೂ ವಿಚಾರಿಸಿರಲಿಲ್ಲ. ತಾಯಿಯ ಕೊರಳನ್ನು ಯಾವ ಮಗ ನೋಡುತ್ತಾನೆ? ಅವನ ಕಣ್ಣಿನಿಂದ ನೀರು ಸುರಿಯಿತು. ನನಗೂ ಬಂತು, ಮೆಣಸಿನಕಾಯಿ ಇದ್ದದ್ದು ಇಬ್ಬರ ಮಾನ ಉಳಿಸಿತು.

ಆಣೆ ಮಾಡಿಸಿದವಳು ನಾನು, ಬಿಡಿಸುವವಳೂ ನಾನೇ ಎಂದು ಗದಿಗೆವ್ವ ಅದೇ ಇಳಕಲ್ ಸೀರೆಯ ಉಳಿದ ಸೆರಗನ್ನು ಪೆಟ್ಟಿಗೆಯಿಂದ ತಂದು ಒಂದು ತುಂಡು ಹರಿದುಕೊಟ್ಟಳು. ಮಗ ಕೈಕಾಲು ತೊಳೆದು ಬಂದು, ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡ. ಬರಿದಾದ ಬೆಳ್ಳಿಯ ಕರಡಿಗೆಯನ್ನು ತಾಯಿಯ ಕೈಯಲ್ಲಿಟ್ಟು, ಇದು ನಿನ್ನದು, ನೀನೇ ಹಾಕಿಕೋ ಎಂದ. ಈ ವಯಸ್ಸಿನಲ್ಲಿ ನನಗೇಕೆ, ಪೆಟ್ಟಿಗೆಯಲ್ಲಿರಲಿ, ನಿನ್ನ ಮಗನಿಗಾದೀತು ಎಂದು ಬೈದು ಒಳಗೆ ಒಯ್ದಳು.

ನಾವು ಹೊರಡುವಾಗ ನನಗೆ ನಾಲ್ಕು ಹಿಡಿ ಮೆಣಸಿನಕಾಯಿ ಕೊಡಹೊರಟಳು, ಕಟ್ಟಲು ಕಾಗದ ಸಿಗಲಿಲ್ಲ. ನನ್ನ ಜೇಬಿನಲ್ಲಿ ಇಣುಕುತ್ತಿದ್ದ ಹಾಳೆ ನೋಡಿ, ಅದು ಯಾವುದಕ್ಕಾದರೂ ಬೇಕೇ ಎಂದು ಕೇಳಿದಳು. ಇನ್ನು ಬೇಡ ಎಂದೆ. ರಾಜೀನಾಮೆ ಮೆಣಸಿನಕಾಯಿಯ ಪೊಟ್ಟಣವಾಗಿ ನಮ್ಮ ಮನೆ ಸೇರಿತು. ಬಸ್ಸಿನಲ್ಲಿ ಅವನು ಸೀಟಿಗೆ ತಲೆಯಾನಿಸಿ ಗದಗ ಬರುವವರೆಗೂ ನಿದ್ದೆ ಮಾಡಿದ. ನನ್ನ ಎದೆಯೂ ಹಗುರವಾಗಿತ್ತು.

ಮಾರ್ಚಿನಲ್ಲಿ ಪತ್ರ ಬಂತು. ಅದೇ ನಿಲ್ದಾಣ, ಅದೇ ಅಧಿಕಾರಿ. ಗಡಿಯಾರ, ಬೆಲ್ಟು ತಟ್ಟೆಗೆ ಹಾಕಿ ಕೈ ಎತ್ತಿ ನಿಂತನಂತೆ. ಕೋಲು ಎದೆಯ ಮೇಲೆ ಬಂದಾಗ ರೂಢಿಯಿಂದ ಅಂಗಿಯ ಗುಂಡಿಗೆ ಕೈ ಹೋಯಿತು. ಕೋಲು ಕೂಗಲಿಲ್ಲ. ಅಧಿಕಾರಿಯೇ ಸಂಶಯಪಟ್ಟು ಕೋಲನ್ನು ತಟ್ಟೆಯಲ್ಲಿದ್ದ ಗಡಿಯಾರಕ್ಕೆ ಹಿಡಿದು ನೋಡಿದ, ಅಲ್ಲಿ ಕೂಗಿತು. ಮತ್ತೊಮ್ಮೆ ಇವನ ಎದೆಯ ಮೇಲೆ ಆಡಿಸಿ, ಹೋಗು ಎಂದು ಬೆನ್ನು ತಟ್ಟಿದನಂತೆ. ಪತ್ರದಲ್ಲಿ ಐದು ವ್ಯಾಕರಣದ ತಪ್ಪುಗಳಿದ್ದವು, ಒಂದನ್ನೂ ತಿದ್ದಲಿಲ್ಲ.

ಎರಡು ವರ್ಷದ ಮೇಲೆ ಅವನು ತಾಯಿಯನ್ನು ಬೆಳಗಾವಿಯಿಂದ ಮುಂಬಯಿಗೆ ವಿಮಾನದಲ್ಲಿ ಕರೆದೊಯ್ದ. ಬೆಳಗಾವಿಯವರೆಗೆ ನಾನೂ ಹೋಗಿದ್ದೆ, ಆಕೆಯನ್ನು ಕಳಿಸಲು ಎಂದು ಹೇಳಿಕೊಂಡು, ಖರೆ ನನ್ನ ಟೈ ಕೇಳಲು. ಹೆಂಗಸರನ್ನು ತಪಾಸಿಸಲು ಒಂದು ಪರದೆ ಕಟ್ಟಿದ್ದರು. ಗದಿಗೆವ್ವ ಸೆರಗು ಹೊದ್ದು ಒಳಗೆ ಹೋದಳು. ಚನ್ನಬಸವಣ್ಣ ಈಚೆ ನಿಂತು, ಕೈಯ ಕಡಗ ಬಿಚ್ಚಿಸುತ್ತಾರೇನೋ ಎಂದು ಚಡಪಡಿಸುತ್ತಿದ್ದ. ಒಳಗೆ ಕೋಲು ಜೋರಾಗಿ ಕೂಗಿತು. ಸ್ವಲ್ಪ ಹೊತ್ತು ಇಬ್ಬರು ಹೆಂಗಸರ ಮಾತು, ಆಮೇಲೆ ನಗು.

ಗದಿಗೆವ್ವ ಹೊರಗೆ ಬಂದಾಗ ಸೆರಗಿನ ಮರೆಯಲ್ಲಿ ಬೆಳ್ಳಿಯ ನಂದಿ ಮಿಂಚುತ್ತಿತ್ತು. ಮಗ ನೋಡಿದ್ದನ್ನು ಆಕೆ ನೋಡಿದಳು. ಪೆಟ್ಟಿಗೆಯಲ್ಲಿಟ್ಟರೆ ಬೆಳ್ಳಿ ಕಪ್ಪಾಗುತ್ತದೆ, ಅದಕ್ಕೆ ಹಾಕಿಕೊಂಡೆ ಎಂದು ಯಾರೂ ಕೇಳದಿದ್ದರೂ ಹೇಳಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ತಗದು ತೋರಿಸಿದ್ನಿ, ಆಕಿ ಕೈ ಮುಗದು ಬಿಟ್ಲು. ಇಷ್ಟಕ್ಕ ನೌಕರಿ ಬಿಡಾಕ ಹೊಂಟಿದ್ದೇನಲೇ?"

ಚನ್ನಬಸವಣ್ಣ ತಾಯಿಯ ಕೈಚೀಲ ಎತ್ತಿಕೊಂಡು, ಇನ್ನೊಂದು ಕೈಯಿಂದ ಆಕೆಯ ಕೈ ಹಿಡಿದು ವಿಮಾನದ ಕಡೆ ನಡೆದ. ಟೈ ಕೇಳುವುದು ನನಗೂ ಮರೆತುಹೋಯಿತು.