ಕಾಕಿಯ ನಾಯಿಗೆ ಹೊಸ ಜೋಳ

ಮಗಳು ನಾಯಿಮರಿಯ ಜೊತೆಗೆ ತಂದಿಟ್ಟಿದ್ದ ಆಹಾರದ ಪೊಟ್ಟಣವನ್ನು ಕತ್ತರಿಸಿದೆ ನೋಡಿ, ಗಪ್ಪನೆ ಒಂದು ವಾಸನೆ ಮೂಗಿಗೆ ಬಡಿಯಿತು. ಒಣಮೀನೋ, ಹಳೇ ಗೋಣಿಚೀಲವೋ, ಎರಡೂ ಸೇರಿದ್ದೋ... ಪೊಟ್ಟಣದ ಮೇಲೆ ಬಂಗಾರದ ಬಣ್ಣದ ನಾಯಿಯೊಂದು ನಗುತ್ತ ಕುಳಿತಿತ್ತು. ಹಿಂಬದಿಯಲ್ಲಿ ಯಾವ ಸತ್ವ ಎಷ್ಟಿದೆ ಎಂದು ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಹಾಕಿಕೊಂಡು ಓದಿದರೂ ತಲೆಬುಡ ತಿಳಿಯಲಿಲ್ಲ. "ಛಲೋ ಅದನೋ ಇಲ್ಲೋ, ಅಷ್ಟು ಹೇಳ್ರೆಪಾ!" ಎಂದು ಪೊಟ್ಟಣವನ್ನೇ ಗದರಿಸಿದೆ. ಆಗ ನೆನಪಾದವಳು ಶಹಾಪುರದ ಎದುರುಮನೆ ಕಾಕಿ.

ಕಾಲುವೆಗೆ ಆಗಷ್ಟೇ ನೀರು ಬಿಟ್ಟಿದ್ದ ಕಾಲ. ನನ್ನ ಯಜಮಾನರು ನೀರಾವರಿ ಕಚೇರಿಯಲ್ಲಿ ಕಾರಕೂನರು. ಕಾಕಿಯ ಗಂಡ, ನಾವೆಲ್ಲ ಕಾಕಾ ಅನ್ನುತ್ತಿದ್ದವರು, ದಿನಾ ಕಾಲುವೆಯ ನೀರಿನ ಮಟ್ಟ ನೋಡಿ ಬರುವವರು. ಅವರದೂ ನಮ್ಮದೂ ಎದುರುಬದುರು ಕ್ವಾರ್ಟರ್ಸು. ಅವರ ಮನೆಯಲ್ಲಿ ಒಂದು ಬೆಕ್ಕು, ಮತ್ತೆ ಕೆಂಪಿ ಎಂಬ ಮುದಿ ನಾಯಿ. ನನಗೋ ನಾಯಿಯೆಂದರೆ ಆಗದು. ಅದು ನಮ್ಮ ಅಂಗಳ ದಾಟಿದರೆ ಕಸಬರಿಗೆ ಹಿಡಿದು ನಿಲ್ಲುತ್ತಿದ್ದೆ.

ನಮ್ಮ ಕಡೆ ನಾಯಿಗೆ ಹಾಕುವುದು ಕೊನೆಯ ರೊಟ್ಟಿ. ಒಲೆಯ ಕಾವು ಇಳಿದ ಮೇಲೆ, ಉಳಿದ ಹಿಟ್ಟು ಬಳಿದು ಬಡಿದು ಬೇಯಿಸಿದ್ದು. ಕಾಕಿ ಮಾತ್ರ ಕೆಂಪಿಗೆ ಹಾಕುತ್ತಿದ್ದುದು ಮೊದಲನೆಯ ರೊಟ್ಟಿ, ಉಬ್ಬಿದ್ದು. ಅದರ ಅಂಚು ಮುರಿದು ತಾನು ತಿಂದು ನೋಡಿಯೇ ಹಾಕುವಳು. "ನಾ ತಿನ್ನಲಾರದ್ದು ಅದಕ್ಯಾಕ ಹಾಕ್ಲಿ?" ಎನ್ನುವಳು. ಗಂಗಾಳದ ಮುಂದೆ ಕಾಯುತ್ತ ಕುಳಿತ ಕಾಕಾ, "ನಾನೂ ಒಂದು ಬಾಲ ಹಚ್ಗೊಂಡು ಬರ್ಲೇನ?" ಎಂದು ಗೊಣಗುವರು.

ಕಾಲುವೆ ಬಂತು, ಅದರ ಹಿಂದೆಯೇ ಭತ್ತ ಬಂತು. ಅಲ್ಲಿಯವರೆಗೆ ಹಬ್ಬಕ್ಕೋ ಬೀಗರು ಬಂದಾಗಲೋ ಅನ್ನ ಕಂಡ ನಾವು ದಿನಾ ಅನ್ನ ಉಣ್ಣತೊಡಗಿದೆವು. ಸುತ್ತಲಿನ ಹೊಲಗಳೆಲ್ಲ ಗದ್ದೆಗಳಾಗಿ ಜೋಳ ಎಲ್ಲಿ ಮಾಯವಾಯಿತೋ! ಕಾಕಿಯ ಬೆಕ್ಕು ಮೊದಲ ದಿನವೇ ಮೊಸರನ್ನಕ್ಕೆ ಒಗ್ಗಿತು. ಅದಕ್ಕೆ ಯಾವ ಹಟವೂ ಇರಲಿಲ್ಲ. ಕೆಂಪಿ ಮಾತ್ರ ಅನ್ನವನ್ನು ಮೂಸಿ, ಕಾಕಿಯ ಮುಖ ನೋಡಿ, ತಿರುಗಿ ಮಲಗಿಬಿಟ್ಟಿತು. ಹಾಲು ಹಾಕಿದರೂ ಇಲ್ಲ, ಬೆಲ್ಲ ಕಲಸಿದರೂ ಇಲ್ಲ. ಪೇಟೆಯಲ್ಲಿ ಸಿಕ್ಕ ಜೋಳ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಮುಗ್ಗಿದ್ದು. ಅದರ ರೊಟ್ಟಿಯನ್ನೂ ಮೂಸಿ ಬಿಟ್ಟಿತು. ವಾರ ಕಳೆಯುವುದರಲ್ಲಿ ಅದರ ಪಕ್ಕೆಲುಬುಗಳು ಎದ್ದು ಕಂಡವು. ಕಾಕಿ ತಾನೂ ಸರಿಯಾಗಿ ಉಣ್ಣುವುದನ್ನು ಬಿಟ್ಟಳು. "ಹಿಂಗಾದ್ರ ಸಾಯ್ತದ ಅದು," ಎಂದು ನನ್ನ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊಸ ಬಿಳಿಜೋಳ ಹುಡುಕಲು ಸುರಪುರದ ಸಂತೆಗೆ ಹೊರಟಳು, ಜೊತೆಗೆ ನನ್ನನ್ನೂ ಎಳೆದುಕೊಂಡು. ಒಂದು ಅಂಗಡಿಯಲ್ಲಿ ಮುಷ್ಟಿ ತುಂಬ ಜೋಳ ತೆಗೆದು ಮೂಸಿದಳು, ಊದಿದಳು, ಕಾಳು ಕಡಿದು ನೋಡಿದಳು.

"ಲಗ್ನಕ್ಕೇನ್ರಿ ಅಕ್ಕಾರ?" ಎಂದ ಅಂಗಡಿಯವ.

"ಇಲ್ರಿ, ನಾಯಿಗಿ."

ಅವನು ಚೀಲದ ಬಾಯಿ ಮಡಚಿ ಅದರ ಮೇಲೆಯೇ ಕುಳಿತುಬಿಟ್ಟ! "ಮಂದಿಗೇ ಸಿಗವಲ್ದು, ನಾಯಿಗಂತ ನಾಯಿಗಿ!"

ಆ ದಿನ ಕಾಕಿ ಒಂದು ಪಾಠ ಕಲಿತಳು. ಮರುದಿನ ಯಾದಗಿರಿ ಬಸ್ಸು ಹತ್ತಿ ಮುದನಾಳಕ್ಕೆ ಹೋದೆವು. ಅಲ್ಲೊಂದು ಮನೆಯ ಮುದುಕಿ ಹೊಸ ಜೋಳ ಇಟ್ಟಿದ್ದಾಳೆಂದು ಯಾರೋ ಹೇಳಿದ್ದರು. ಮುದುಕಿ ಕಟ್ಟೆಯ ಮೇಲೆ ಕುಳಿತು, "ಯಾರಿಗಿ?" ಎಂದಳು. ಕಾಕಿ ಕಣ್ಣು ಮಿಟುಕಿಸದೆ, "ನಮ್ಮತ್ತಿಗ್ರಿ. ವಯಸ್ಸಾಗ್ಯಾದ. ಅನ್ನ ಮುಟ್ಟಾಂಗಿಲ್ಲ," ಎಂದುಬಿಟ್ಟಳು. ಕಾಕಿಯ ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು. ನಾನು ನಗು ತಡೆಯಲು ಕೆಮ್ಮಿದೆ. ಮುದುಕಿ ಮಾತ್ರ ಕರಗಿಹೋದಳು. "ನಮ್ಮ ಮನ್ಯಾಗೂ ಎಲ್ಲಾರೂ ಅನ್ನಕ್ಕ ಬಿದ್ದಾರವ್ವಾ. ನಾ ಒಬ್ಬಾಕಿ ರೊಟ್ಟಿ ಅಂದ್ರ ಮುದುಕಿಗಿ ತಲಿ ಕೆಟ್ಟದ ಅಂತಾರ," ಎಂದು ತನಗಾಗಿ ಇಟ್ಟುಕೊಂಡಿದ್ದರಲ್ಲೇ ಒಂದು ಚೀಲ ತುಂಬಿಸಿದಳು.

ಕೆಂಪಿ ಆ ರೊಟ್ಟಿಯನ್ನು ಮೂಸಿತು. ಬಾಲ ಮೆಲ್ಲಗೆ ಅಲ್ಲಾಡಿತು. ತಿಂದಿತು! ಕಾಕಿ ಕೇರಿಗೆಲ್ಲ ಸಕ್ಕರೆ ಹಂಚಿದಳು. ಕಾಕಾ ಮಾತ್ರ, "ಸತ್ತ ನಮ್ಮವ್ವನ್ನ ಎಬ್ಬಿಸಿ ನಾಯಿ ಮಾಡಿದೆಲ್ಲ," ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಚೀಲ ತಳ ಕಾಣುವ ಹೊತ್ತಿಗೆ ಒಂದು ಮಧ್ಯಾಹ್ನ ಮುದುಕಿಯೇ ಮಗನೊಂದಿಗೆ ಮನೆ ಕೇಳಿಕೊಂಡು ಬಂದು ಕಾಕಿಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬೆಣ್ಣೆಯ ಗಡಿಗೆ, ಶೇಂಗಾ ಚಟ್ನಿ. "ಅಬ್ಬೆತುಮಕೂರಿನ ಮಠಕ್ಕ ಹೋಗಿದ್ದೆ. ಹಂಗs ನಿಮ್ಮತ್ತೀನ ಮಾತಾಡಿಸಿ ಹೋಗೋಣಂತ ಬಂದೆ. ಎಲ್ಲಿ ಅದಾರ?"

ಕಾಕಿಯ ಮುಖ ಬಿಳಿಜೋಳದ ಹಿಟ್ಟಾಯಿತು. ಕಾಕಾ ಹಿತ್ತಲಿಗೆ ಜಾರಿದರು. ನಾನು ನೀರು ಕೊಡುವ ನೆಪದಲ್ಲಿ ಒಳಗೆ ಹೋಗಿ ಬಾಗಿಲ ಸಂದಿಯಿಂದ ನೋಡಿದೆ. ಇನ್ನು ಸುಳ್ಳು ಹೇಳಲು ಜಾಗವೇ ಇರಲಿಲ್ಲ. ಕಾಕಿ ಬೆರಳೆತ್ತಿ ಹೊರಸಿನ ಕೆಳಗೆ ಮಲಗಿದ್ದ ಕೆಂಪಿಯನ್ನು ತೋರಿಸಿದಳು. "ಇದs ರೀ."

"ಅವ್ವ ತನಗಂತ ಇಟ್ಕೊಂಡ ಜೋಳ ನಾಯಿಗಿ ಹಾಕೀರಿ?" ಎಂದು ಮಗ ಸಿಡಿದೆದ್ದ. "ಇನ್ನ ಒಂದು ಕಾಳು ಸಿಗಾಂಗಿಲ್ಲ ನಿಮಗ!"

ಮುದುಕಿ ನೆಲದ ಮೇಲೆ ಕುಳಿತು, ಒಂದಿಷ್ಟು ಅನ್ನ, ಒಂದು ರೊಟ್ಟಿ ತರಿಸಿಕೊಂಡಳು. ಕೆಂಪಿಯ ಮುಂದೆ ಅನ್ನ ಇಟ್ಟಳು. ಅದು ಮೂಸಿ ಮುಖ ತಿರುಗಿಸಿತು. ಬೆಕ್ಕು ಎಲ್ಲಿತ್ತೋ, ಬಂದು ಅದನ್ನು ಮುಗಿಸಿತು. ರೊಟ್ಟಿ ಮುರಿದು ಹಿಡಿದಳು. ಕೆಂಪಿ ಮೂಸಿ, ಅವಳ ಕೈಯಿಂದಲೇ ಮೆಲ್ಲಗೆ ತೆಗೆದುಕೊಂಡಿತು. ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು, ಕಣ್ಣಲ್ಲಿ ನೀರು ಬರುವತನಕ ನಕ್ಕಳು.

"ನೋಡಲೇ ತಮ್ಮಾ, ಇದಕ್ಕೂ ತಲಿ ಕೆಟ್ಟದೇನು?" ಎಂದು ಮಗನನ್ನು ಕೇಳಿದಳು. ಆಮೇಲೆ ಕಾಕಿಯತ್ತ ತಿರುಗಿ, "ನಿಮ್ಮತ್ತಿಗಿ ಖರೇನ ರೊಟ್ಟಿ ಹಾಕ್ತೀಯೋ ಇಲ್ಲೋ ಅಂತ ನೋಡಾಕs ಬಂದಿದ್ದೆ ನಾ. ಸೊಸಿಗೋಳ ಹಣೇಬರಾ ನನಗ ಗೊತ್ತಿಲ್ಲೇನು? ನಾಯಿಗಿ ಇಷ್ಟು ಮಾಡಾಕಿ, ಅತ್ತಿ ಇದ್ರ ಕೈಬಿಡ್ತಿದ್ದಿಲ್ಲ ಬಿಡು," ಎಂದಳು. ಕಾಕಿ ಅಲ್ಲೇ ಕುಸಿದು ಕುಳಿತು ಹೋ ಎಂದು ಅತ್ತಳು. ಹಿತ್ತಲಿನಿಂದ ಕಾಕಾ ಧೈರ್ಯವಾಗಿ ಹೊರಬಂದು, "ಚಹಾ ಮಾಡ್ಲೇನ್ರಿ?" ಎಂದರು.

ಅಂದಿನಿಂದ ಪ್ರತಿ ಸುಗ್ಗಿಗೆ ಮುದನಾಳದ ಚೀಲ ಬರತೊಡಗಿತು. "ನಮ್ಮ ವಾರಿಗಿಯಾಕಿ ಹೆಂಗ ಅದಾಳ?" ಎಂದು ಮುದುಕಿ ತನ್ನ ವಯಸ್ಸಿನ ಗೆಳತಿಯೆಂಬಂತೆ ಕೆಂಪಿಯನ್ನು ಕೇಳಿ ಕಳಿಸುವಳು. ಕೆಂಪಿ ತೀರಿಹೋದ ವರ್ಷವೂ ಚೀಲ ಬಂತು, ಅದೇ ಪ್ರಶ್ನೆಯೊಂದಿಗೆ. ಕಾಕಿ ಚೀಲದ ಮೇಲೆ ಕೈಯಾಡಿಸಿದಳು. ಆಮೇಲೆ, "ಛಲೋ ಅದಾಳಂತ ಹೇಳ್ರಿ. ನಿಮ್ಮನ್ನs ನೆನಸ್ತಾಳಂತ ಹೇಳ್ರಿ," ಎಂದಳು. ಮುದುಕಿ ಇರುವತನಕ ಕಾಕಿ ಅದನ್ನೇ ಹೇಳಿ ಕಳಿಸಿದಳು...

ಕಾಕಾ ನಿವೃತ್ತರಾದ ಮೇಲೆ ಅವರು ಸುರಪುರಕ್ಕೆ ಹೋದರು. ಕಾಕಿ ಹಾಸಿಗೆ ಹಿಡಿದಾಗ ನೋಡಲು ಹೋದೆ. ಗಂಜಿ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಒಯ್ದಿದ್ದ ರೊಟ್ಟಿಯನ್ನು ಮುರಿದು ಹಿಡಿದೆ. ಮೊದಲು ಮೂಸಿದಳು. "ಹೊಸಾದದ," ಎಂದು ನಕ್ಕು ಬಾಯಿ ತೆರೆದಳು. ಆಮೇಲೆ ಅವಳನ್ನು ನೋಡಲು ಆಗಲಿಲ್ಲ. ಈಗ ಕಾಕಿ ಇಲ್ಲ. ಆ ಕೊರತೆ ಇಂಥ ಹೊತ್ತಿನಲ್ಲಿ ನನ್ನನ್ನು ತುಂಬ ಕಾಡುತ್ತದೆ.

ಮರಿ ಬಟ್ಟಲಿನ ಮುಂದೆ ಬಾಲ ಆಡಿಸುತ್ತ ಕಾಯುತ್ತಿತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಪೊಟ್ಟಣದ ಒಂದು ಕಾಳನ್ನು ಬಾಯಿಗೆ ಹಾಕಿ ಕಡಿದೆ. ಥೂ! ಬಚ್ಚಲಿಗೆ ಓಡಿ ಬಾಯಿ ಮುಕ್ಕಳಿಸಿ ಬಂದು, ಒಲೆ ಹಚ್ಚಿ ಹಂಚು ಇಟ್ಟೆ. ಮೊದಲ ರೊಟ್ಟಿ ಉಬ್ಬಿತು.