ಬದುಕಿದ್ದವನ ಪಟಕ್ಕೆ ಹಾರ

ಯುದ್ಧದ ವರ್ಷಗಳಲ್ಲಿ, ಎಂ.ಎ. ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದಾಗ, ಹಲಸೂರು ಕೆರೆಯ ಹತ್ತಿರದ ಒಂದು ಬಂಗಲೆಗೆ ದಿನಾ ಮಧ್ಯಾಹ್ನ ಹೋಗುತ್ತಿದ್ದೆ. ಅಲ್ಲಿದ್ದ ಐರಿಷ್ ವಿಧವೆಗೆ ಕಣ್ಣು ಮಂಜಾಗಿತ್ತು. ಅವರು ಹೇಳಿದಂತೆ ಅವರ ವಂಶದ ಹಿರಿಯಳೊಬ್ಬಳ ಜೀವನವನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಆಕೆ ಹದಿನೆಂಟನೆಯ ಶತಮಾನದವಳು, ಐರ್ಲೆಂಡಿನಲ್ಲಿ ನೆಲೆಸಿದ್ದ ಇಂಗ್ಲಿಷ್ ಶ್ರೀಮಂತ ಮನೆತನದವಳು. ಎಳೆ ವಯಸ್ಸಿಗೇ ಮದುವೆ, ಮನೆ ತುಂಬ ಮಕ್ಕಳು. ಅವರಲ್ಲಿ ಅನೇಕರನ್ನು ತಾನೇ ಮಣ್ಣು ಮಾಡಿದಳು. ಕಿರಿಯ ಮಗ ಯುದ್ಧಕ್ಕೆ ಹೋದವನು ಬರಲಿಲ್ಲ. ಕತೆ ಅಲ್ಲಿಗೆ ಬಂದಾಗಲೆಲ್ಲ ವಿಧವೆ ನಿಲ್ಲಿಸಿಬಿಡುತ್ತಿದ್ದರು. ಅವರ ಒಬ್ಬನೇ ಮಗ ಆಗ ಬರ್ಮಾದ ಕಡೆ ಸೈನ್ಯದಲ್ಲಿದ್ದ.

"ಕಿರಿಯವನ ಕತೆ ನನ್ನ ಮಗ ಬಂದ ಮೇಲೆ" ಎನ್ನುತ್ತಿದ್ದರು.

ಹಿರಿಯಳ ತೈಲಚಿತ್ರ ನಡುಮನೆಯಲ್ಲಿತ್ತು. ಹಲಸೂರಿನವಳೇ ಆದ ಅಡುಗೆಯಾಕೆ ಶುಕ್ರವಾರ ಅದಕ್ಕೊಂದು ಮಲ್ಲಿಗೆ ಹಾರ ಹಾಕುತ್ತಿದ್ದಳು. ವಿಧವೆಗೆ ಅದು ಚೆಂದ ಅನ್ನಿಸಿರಬೇಕು. ಮಗನ ಹುಟ್ಟುಹಬ್ಬದ ದಿನ ಅವನ ಫೋಟೋಗೂ ತಾವೇ ಒಂದು ಹಾರ ಹಾಕಿದರು.

ಅಡುಗೆಯಾಕೆ ನನ್ನನ್ನು ಹಿತ್ತಿಲಿಗೆ ಕರೆದಳು.

"ಬದುಕಿರೋರ ಪಟಕ್ಕೆ ಹಾರ ಹಾಕ್ತಾರಾ ಸ್ವಾಮಿ? ಇಂಗ್ಲಿಷಲ್ಲಿ ಹೇಳ್ರೀ ಅವ್ರಿಗೆ."

"ಹೂವಿಂದ ಯಾರೂ ಸಾಯಲ್ಲಮ್ಮ."

"ಹೌದಾ? ಹಾಗಾದ್ರೆ ನಿಮ್ಮದೊಂದು ಫೋಟೋ ತಂದ್ಕೊಡಿ. ನಾಳೇನೇ ಹಾಕ್ತೀನಿ."

ನಕ್ಕೆ. ಫೋಟೋ ಮಾತ್ರ ಕೊಡಲಿಲ್ಲ.

ವಿಧವೆಗೆ ಹೇಳಿದೆ: ನಮ್ಮಲ್ಲಿ ಹಾರ ಸತ್ತವರ ಪಟಕ್ಕೆ. ಅವರ ಕೈ ಫೋಟೋದ ತನಕ ಹೋಗಿ ನಿಂತಿತು. "ಈಗ ತೆಗೆದರೆ ನಾನೂ ಹೆದರಿದ ಹಾಗಾಗುತ್ತದೆ" ಎಂದರು. "ಅವನೇ ಬಂದು ತೆಗೆಯಲಿ."

ಹಾರ ಅಲ್ಲೇ ಒಣಗಿತು. ಅಡುಗೆಯಾಕೆ ಆ ಗೋಡೆಯ ಕಡೆ ಗುಡಿಸುವುದನ್ನೇ ಬಿಟ್ಟಳು. ಉದುರಿದ ಹೂವು ಕಂದು ಬಣ್ಣಕ್ಕೆ ತಿರುಗಿ ಹಾಗೇ ಬಿದ್ದಿರುತ್ತಿತ್ತು.

ಸೈನ್ಯದಿಂದ ಮಗನ ಸಾವಿನ ತಂತಿ ಬಂದದ್ದು ಇದಾದ ಮೇಲೆ. ಹಾಗೆಂದು ನನ್ನ ನೆನಪು. ಆದರೆ ನೆನಪು ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಜೋಡಿಸಿ ಕತೆ ಕಟ್ಟುತ್ತದೆ. ಹಾರ ಹಾಕುವ ಮೊದಲೇ ಅವನು ಸತ್ತಿದ್ದನೋ ಏನೋ. ಸುದ್ದಿ ತಡವಾಗಿ ಬರುತ್ತಿದ್ದ ಕಾಲ ಅದು. ಹೀಗೆಲ್ಲ ವಾದ ಮಾಡಿಕೊಳ್ಳುತ್ತೇನೆ. ಆದರೂ ತಂತಿ ಬಂದ ದಿನ ವಿಧವೆ ಹಾರ ಬಿಚ್ಚಿದಾಗ ಒಣಗಿದ ಬಾಳೆನಾರು ಅವರ ಬೆರಳಿಗೆ ಸುತ್ತಿಕೊಂಡದ್ದು ನನ್ನ ಕಲ್ಪನೆಯಾಗಿರಲಾರದು.

ಅಡುಗೆಯಾಕೆ ಹೊಸ ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ವಿಧವೆ ಬೇಡವೆಂದು ತಲೆಯಾಡಿಸಿ, ನನ್ನ ಕಡೆ ತಿರುಗಿ ಕುಳಿತರು.

"ಕಿರಿಯ ಮಗ" ಎಂದರು. "ಬರೆದುಕೊಳ್ಳಿ."